ಬಿಸಿಲಲ್ಲಿ ದುಡಿಯುವ ಮೈ: ಬೆವರು, ನೆತ್ತರು, ಮೂತ್ರದ ಲೆಕ್ಕ ಇಡುವುದು ಹೇಗೆ

ಮರದಡಿ ಸುಮ್ಮನೆ ಕೂತವರ ಮೈಯಲ್ಲೂ ಸುಮಾರು 100 ವ್ಯಾಟ್ ಬಲ್ಬಿನಷ್ಟು ಬಿಸಿ ಹುಟ್ಟುತ್ತಲೇ ಇರುತ್ತದೆ. ಅದೇ ಮನುಷ್ಯ ಗುದ್ದಲಿ ಹಿಡಿದು ಮಣ್ಣು ಅಗೆಯಲು ನಿಂತರೆ ಆ ಬಿಸಿ ಮೂರು ಪಟ್ಟನ್ನೂ ಮೀರುತ್ತದೆ. ಅದು ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ 60 ಕಿಲೋ ತೂಕದ ಮೈ ಸುಮಾರು 11 ನಿಮಿಷಕ್ಕೆ ಒಂದು ಡಿಗ್ರಿಯಂತೆ ಕಾದು, ಮುಕ್ಕಾಲು ಗಂಟೆಯೊಳಗೆ 37ರಿಂದ 41 ಡಿಗ್ರಿ ಮುಟ್ಟುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಯಾವುದೋ ಒಂದು ಅಂಗವಲ್ಲ. ಚರ್ಮ, ಹೃದಯ, ಮೂತ್ರಪಿಂಡ, ಕರುಳು, ಮಿದುಳು ಒಂದರಿಂದೊಂದು ಕೈಗಡ ಪಡೆದು ದಿನ ದೂಡುತ್ತವೆ. ಯಾರು ಯಾರಿಂದ, ಯಾವ ಕ್ರಮದಲ್ಲಿ ಸಾಲ ಪಡೆಯುತ್ತಾರೆ ಎಂದು ತಿಳಿದರೆ ಯಾವಾಗ ಕುಡಿಯಬೇಕು, ಏನು ಕುಡಿಯಬೇಕು, ಯಾವಾಗ ಕೆಲಸ ನಿಲ್ಲಿಸಬೇಕು ಎಂಬುದಕ್ಕೆ ಬಾಯಿಪಾಠದ ಗೊಡವೆ ಇರುವುದಿಲ್ಲ.

ನರೇಗಾ ಕೆಲಸ, ಇಟ್ಟಿಗೆ ಭಟ್ಟಿ, ಕಲ್ಲಿನ ಗಣಿ, ರಸ್ತೆಯ ಡಾಂಬರು, ಕಬ್ಬಿನ ಗದ್ದೆ, ಬೈಕಿನಲ್ಲಿ ಊಟ ಮುಟ್ಟಿಸುವ ಕೆಲಸ ಮಾಡುವವರಿಗೂ ಅವರನ್ನು ದುಡಿಸುವ ಮೇಸ್ತ್ರಿಗಳಿಗೂ ಇದು ಬೇಕಾದೀತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಇರುವ ಈ ಅನುಕೂಲ ಬಯಲಲ್ಲಿ ನಿಲ್ಲುವವರಿಗೆ ಸಿಗುವುದು ಅಪರೂಪ.

ಸಾಲದ ಸರಪಳಿ

ಮಿದುಳಿನ ಬುಡದಲ್ಲಿ ಹೈಪೊಥಾಲಮಸ್ ಎಂಬ ಚಿಕ್ಕ ಭಾಗವಿದೆ. ಅದು ತನ್ನ ಮೂಲಕ ಹರಿಯುವ ನೆತ್ತರಿನ ಬಿಸಿಯನ್ನು ಅಳೆಯುತ್ತದೆ, ಚರ್ಮದಿಂದ ಬರುವ ಸುದ್ದಿಯನ್ನೂ ಕೇಳುತ್ತದೆ. ಬಿಸಿ ಏರಿತೆಂದರೆ ಎರಡು ಅಪ್ಪಣೆ ಹೊರಡುತ್ತವೆ: ಚರ್ಮದ ರಕ್ತನಾಳಗಳು ಹಿಗ್ಗಲಿ, ಬೆವರು ಗ್ರಂಥಿಗಳು ಕೆಲಸ ಶುರು ಮಾಡಲಿ. ಮೈಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ.

ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಅಗೆಯುವವರ ಮೈಯ ಸ್ವಂತ ಬಿಸಿಯನ್ನು ಕಳೆಯಲು ಗಂಟೆಗೆ ಅರ್ಧ ಲೀಟರ್ ಬೆವರು ಆರಿದರೆ ಸಾಕು. ಆದರೆ ಗಾಳಿ 40 ಡಿಗ್ರಿ ಇದ್ದಾಗ ಅದು ಚರ್ಮಕ್ಕಿಂತ ಬಿಸಿ. ಗಾಳಿಯೂ ಬಿಸಿಲೂ ಹೊರಗಿನಿಂದ ಬಿಸಿ ತುಂಬುತ್ತವೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ಬರುವ ಲಾಭ ಸೊನ್ನೆ. ಹಾಗಾಗಿ ನಿಜದಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್, ಕೆಲವರಲ್ಲಿ ಅದಕ್ಕೂ ಹೆಚ್ಚು ಬೆವರು ಹೋಗುತ್ತದೆ.

ಈ ಬೆವರಿನ ನೀರು ಬರುವುದು ನೆತ್ತರಿನಿಂದ. ಒಳಗಿನ ಬಿಸಿಯನ್ನು ಚರ್ಮದವರೆಗೆ ಹೊತ್ತು ತರುವುದೂ ನೆತ್ತರೇ. 60 ಕಿಲೋ ಮೈಯಲ್ಲಿರುವುದು ಹೆಚ್ಚೆಂದರೆ ನಾಲ್ಕೂವರೆ ಲೀಟರ್ ನೆತ್ತರು. ಸುಮ್ಮನಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ತಳ್ಳುತ್ತದೆ, ಅದರಲ್ಲಿ ಚರ್ಮಕ್ಕೆ ಹೋಗುವುದು ಅರ್ಧ ಲೀಟರ್ ಕೂಡ ಇಲ್ಲ. ಮೈ ಅತಿಯಾಗಿ ಕಾದಾಗ ಚರ್ಮವೊಂದೇ ನಿಮಿಷಕ್ಕೆ 6ರಿಂದ 8 ಲೀಟರ್ ಬೇಡಬಲ್ಲದು. ದುಡಿಯುವ ಸ್ನಾಯುಗಳೂ ತಮ್ಮ ಪಾಲು ಬಿಡುವುದಿಲ್ಲ. ಹೃದಯ ಬೇಗ ಬೇಗ ಬಡಿದು ಸ್ವಲ್ಪ ತೂಗಿಸುತ್ತದೆ, ಉಳಿದದ್ದನ್ನು ಕರುಳು ಮತ್ತು ಮೂತ್ರಪಿಂಡದ ಪಾಲಿನಿಂದ ಕಿತ್ತುಕೊಳ್ಳುತ್ತದೆ.

ಮೂತ್ರಪಿಂಡ ಇದನ್ನು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವ ಅಂಗ ಅದು. ತನಗೆ ಬರುವ ನೆತ್ತರು ಕಡಿಮೆಯಾದ ಕೂಡಲೇ ರೆನಿನ್ ಎಂಬ ಕಿಣ್ವವನ್ನು ಬಿಡುತ್ತದೆ. ಅದರ ಕೊನೆಯ ಫಲವಾಗಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಲ್ಡೊಸ್ಟಿರೋನ್ ಎಂಬ ಹಾರ್ಮೋನು ಹೊರಟು, ಮೂತ್ರದಲ್ಲೂ ಬೆವರಲ್ಲೂ ಉಪ್ಪು ಹೋಗದಂತೆ ಹಿಡಿಯುತ್ತದೆ. ಇತ್ತ ನೆತ್ತರಿನ ಸಾಂದ್ರತೆ ಶೇ 1ರಿಂದ 2ರಷ್ಟು ಏರಿದರೂ ಸಾಕು, ಮಿದುಳು ನೀರು ಉಳಿಸುವ ಇನ್ನೊಂದು ಹಾರ್ಮೋನನ್ನು ಬಿಟ್ಟು ಮೂತ್ರವನ್ನು ಗಟ್ಟಿ ಮಾಡಿಸುತ್ತದೆ, ಬಾಯಾರಿಕೆಯನ್ನೂ ಎಬ್ಬಿಸುತ್ತದೆ. ನಮ್ಮ ಜನ ‘ಉಷ್ಣ ಆಗಿದೆ, ಉರಿಮೂತ್ರ’ ಎನ್ನುವುದರ ಹಿಂದೆ ಬಹಳ ಸಲ ಇರುವುದು ಇದೇ: ಕಡಿಮೆ ನೀರಿನಲ್ಲಿ ಅಷ್ಟೇ ಕಸವನ್ನು ಕರಗಿಸಿ ಕಳಿಸಿದ ಗಾಢ ಮೂತ್ರ. ಜ್ವರ, ಬೆನ್ನುನೋವು ಜೊತೆಗಿದ್ದರೆ, ಇಲ್ಲವೇ ಸಾಕಷ್ಟು ನೀರು ಕುಡಿದು ಒಂದು ದಿನವಾದರೂ ಉರಿ ಹೋಗದಿದ್ದರೆ ಅದು ಸೋಂಕೂ ಆಗಿರಬಹುದು, ತೋರಿಸಿಕೊಳ್ಳಬೇಕು.

ಈಗ ಕರುಳಿಗೆ ಬನ್ನಿ. ಕಳೆದುಕೊಂಡ ನೀರು, ಉಪ್ಪು ಒಳಗೆ ಬರಲು ಮೈಗೆ ಇರುವ ಬಾಗಿಲು ಅದೊಂದೇ. ಆದರೆ ಹೃದಯ ಮೊದಲು ನೆತ್ತರು ಕಿತ್ತುಕೊಂಡದ್ದೂ ಅದರಿಂದಲೇ. ಬಿಸಿಲ ಕೆಲಸದ ಎಷ್ಟೋ ತಪ್ಪುಗಳು ಈ ಒಂದು ಸಂಗತಿಯನ್ನು ಮರೆಯುವುದರಿಂದ ಆಗುತ್ತವೆ. ನಾಲ್ಕು ಗಂಟೆ ಬಾಯಿಗೆ ಹನಿ ಹಾಕದೆ ದುಡಿದು, ಕೊನೆಗೆ ಒಂದು ಚೆಂಬು ನೀರನ್ನು ಗಟಗಟ ಎತ್ತಿದರೆ ಅದು ಹೊಟ್ಟೆಯಲ್ಲಿ ಕುಲುಕಾಡುತ್ತದೆಯೇ ಹೊರತು ನೆತ್ತರಿಗೆ ಬೇಗ ಇಳಿಯುವುದಿಲ್ಲ. ಮೈ ಕಾದಷ್ಟೂ ಜಠರ ಖಾಲಿಯಾಗುವುದು ನಿಧಾನ. ಕುಡಿದದ್ದು ವಾಂತಿಯಾದರೆ ಜಠರದ ಉಪ್ಪನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಸಾಲ ತೀರಿಸುವ ಬಾಗಿಲು ಮುಚ್ಚುವ ಮೊದಲೇ ಕಂತು ಕಟ್ಟುತ್ತಾ ಹೋಗಬೇಕು, ಅದೂ ಚಿಕ್ಕ ಚಿಕ್ಕ ಕಂತು.

ಎಷ್ಟು ಕುಡಿಯಬೇಕು, ಯಾವಾಗ

ಕೆಲಸಕ್ಕೆ ಹೊರಡುವ ಒಂದು ಗಂಟೆ ಮೊದಲು ಎರಡು ಲೋಟ, ಅಂದರೆ ಸುಮಾರು 400ರಿಂದ 500 ಮಿಲಿ. ಕೆಲಸ ಶುರುವಾದ ಮೇಲೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, 200ರಿಂದ 250 ಮಿಲಿ. ಹೀಗೆ ಕುಡಿದರೆ ಗಂಟೆಗೆ 600 ಮಿಲಿಯಿಂದ ಒಂದು ಲೀಟರ್ ಒಳಗೆ ಹೋಗುತ್ತದೆ, ಹೋದ ಬೆವರಿಗೆ ಹತ್ತಿರ. ಬಾಯಾರಿಕೆಗೆ ಕಾಯಬೇಡಿ. ತೂಕದ ಶೇ 1ರಿಂದ 2ರಷ್ಟು ನೀರು ಹೋದ ಮೇಲೆಯೇ ಅದು ಚೆನ್ನಾಗಿ ಕಾಣಿಸಿಕೊಳ್ಳುವುದು, ಕೆಲಸದ ಭರದಲ್ಲಿ ಅದನ್ನೂ ಜನ ನುಂಗಿಕೊಳ್ಳುತ್ತಾರೆ.

ಮೇಲಿನ ಮಿತಿಯೂ ಇದೆ: ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದು. ಆರೋಗ್ಯವಂತ ಮೂತ್ರಪಿಂಡವೂ ಹೆಚ್ಚುವರಿ ನೀರನ್ನು ಗಂಟೆಗೆ ಒಂದು ಲೀಟರಿಗಿಂತ ವೇಗವಾಗಿ ಹೊರಹಾಕಲಾರದು. ಬೆವರಲ್ಲಿ ಉಪ್ಪು ಕಳೆದುಕೊಂಡವರು ಬರೀ ನೀರನ್ನೇ ಹೊಟ್ಟೆ ಬಿರಿಯುವಂತೆ ಕುಡಿದರೆ ನೆತ್ತರಿನ ಸೋಡಿಯಂ ತೆಳುವಾಗುತ್ತದೆ, ಮಿದುಳಿನ ಕೋಶಗಳು ನೀರು ಹೀರಿ ಊದುತ್ತವೆ. ತಲೆನೋವು, ಹೊಟ್ಟೆ ತೊಳೆಸುವಿಕೆ, ತೊದಲು, ಕೊನೆಗೆ ಫಿಟ್ಸ್. ನೋಡಲು ಬಿಸಿಲು ಬಡಿದಂತೆಯೇ ಇರುತ್ತದೆ, ಆದರೆ ಮೈ ಅಷ್ಟು ಕಾದಿರುವುದಿಲ್ಲ, ಬೆರಳು ಊದಿ ಉಂಗುರ ಬಿಗಿದಿರಬಹುದು. ಇಂಥವರಿಗೆ ಮತ್ತೆ ನೀರು ಕುಡಿಸುವುದು ಅಪಾಯ, ಆಸ್ಪತ್ರೆಗೇ ಒಯ್ಯಬೇಕು.

ನಿಮ್ಮ ಮೈಗೆ ಎಷ್ಟು ನೀರು ಬೇಕೆಂದು ಕರಾರುವಾಕ್ಕಾಗಿ ತಿಳಿಯಲು ತಕ್ಕಡಿಗಿಂತ ಒಳ್ಳೆಯ ಉಪಕರಣವಿಲ್ಲ. ಕೆಲಸಕ್ಕೆ ಮುಂಚೆ ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಗಿ. ಕೆಲಸದ ನಂತರ ಬೆವರು ಒರೆಸಿಕೊಂಡು ಮತ್ತೆ ತೂಗಿ. ಇಳಿದ ಪ್ರತಿ ಕಿಲೋ ಅಂದರೆ ಒಂದು ಲೀಟರ್ ಬಾಕಿ. 60 ಕಿಲೋದವರು 59 ಕಿಲೋ ಆಗಿ ಬಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದು ಕಾಲರಿಂದ ಒಂದೂವರೆ ಲೀಟರ್ ನಿಧಾನವಾಗಿ ಕುಡಿಯಬೇಕು, ಏಕೆಂದರೆ ಕುಡಿದದ್ದರಲ್ಲಿ ಒಂದು ಪಾಲು ಮೂತ್ರವಾಗಿ ಹೋಗುತ್ತದೆ. ಒಂದು ದಿನದ ಇಳಿಕೆ ತೂಕದ ಶೇ 1.5ನ್ನು, ಅಂದರೆ 60 ಕಿಲೋದವರಿಗೆ 900 ಗ್ರಾಮನ್ನು ದಾಟದಂತೆ ನೋಡಿಕೊಳ್ಳಿ. ತೂಕ ಏರಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ. ಎರಡು ಮೂರು ದಿನ ಹೀಗೆ ಮಾಡಿದರೆ ನಿಮ್ಮ ಬೆವರಿನ ಲೆಕ್ಕ ನಿಮಗೇ ಗೊತ್ತಾಗುತ್ತದೆ, ಆಮೇಲೆ ದಿನವೂ ತೂಗಬೇಕಿಲ್ಲ.

ತಕ್ಕಡಿ ಇಲ್ಲದಲ್ಲಿ ಮೂತ್ರದ ಬಣ್ಣ ನೋಡಿ. ಒಣ ಹುಲ್ಲಿನಂಥ ತೆಳು ಹಳದಿ ಸರಿ. ಸಾಸಿವೆ ಎಣ್ಣೆಯಂಥ ಗಾಢ ಹಳದಿ ಅಂದರೆ ಹಿಂದೆ ಬಿದ್ದಿದ್ದೀರಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದವರಲ್ಲಿ ಹೊಳೆಯುವ ಹಳದಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಪ್ಪು ಚಹಾದಂಥ ಕಂದು ಬಣ್ಣ ಬಂದರೆ ಮಾತ್ರ ವಿಷಯ ಬೇರೆ. ಅತಿ ದುಡಿಮೆ ಮತ್ತು ಬಿಸಿಯಿಂದ ಸ್ನಾಯು ಒಡೆದು, ಅದರ ಬಣ್ಣದ ವಸ್ತು ಮೂತ್ರಪಿಂಡದ ಸಣ್ಣ ನಾಳಗಳನ್ನು ಕಟ್ಟುತ್ತಿರಬಹುದು. ಅದು ಅವತ್ತೇ ಆಸ್ಪತ್ರೆ ಸೇರಬೇಕಾದ ಲಕ್ಷಣ.

ಹೆಂಗಸರು ಬಯಲಿನ ಕೆಲಸಕ್ಕೆ ಹೋಗುವಾಗ ಬೇಕೆಂದೇ ನೀರು ಕುಡಿಯದಿರುವುದುಂಟು. ಕಾರಣ ಎಲ್ಲರಿಗೂ ಗೊತ್ತು, ಮರೆಯಾಗಿ ಕೂರಲು ಜಾಗವಿಲ್ಲ. ‘ನೀರು ಕುಡೀರಿ’ ಎಂದು ನೂರು ಸಲ ಹೇಳುವುದಕ್ಕಿಂತ ನಾಲ್ಕು ಗಳ ನೆಟ್ಟು ಸುತ್ತ ತಾಡಪಾಲು ಕಟ್ಟಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಕೆಲಸದ ಜಾಗದ ಯೋಜನೆಯಲ್ಲಿ ನೀರಿನ ಡ್ರಮ್ಮಿನ ಜೊತೆಗೇ ಇದನ್ನೂ ಬರೆದುಕೊಳ್ಳಿ.

ಉಪ್ಪಿನ ಮಾತು

ಒಂದು ಲೀಟರ್ ಬೆವರಿನಲ್ಲಿ ಒಂದರಿಂದ ನಾಲ್ಕು ಗ್ರಾಂ ಉಪ್ಪು ಹೋಗುತ್ತದೆ. ಒಣಗಿದ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆ ಮೂಡುವವರು ಈ ಅಂದಾಜಿನ ಮೇಲ್ತುದಿಯಲ್ಲಿರುತ್ತಾರೆ. ಎರಡು ಹೊತ್ತು ಸರಿಯಾಗಿ ಊಟ ಮಾಡುವ, ಒಂದೆರಡು ಗಂಟೆ ಮಾತ್ರ ಬೆವರುವವರಿಗೆ ನೀರೇ ಸಾಕು, ಉಪ್ಪನ್ನು ಸಾರು, ಉಪ್ಪಿನಕಾಯಿ ತೂಗಿಸುತ್ತವೆ. ಎರಡು ಗಂಟೆ ಮೀರಿ ಬೆವರು ಹರಿಸುವವರು ನೀರಿನ ಮಧ್ಯೆ ಉಪ್ಪಿರುವ ಪಾನೀಯವನ್ನೂ ಸೇರಿಸಬೇಕು.

ಇಲ್ಲಿ ನಮ್ಮ ಅಡುಗೆಮನೆ ಬಹಳ ಮುಂದಿದೆ. ನೀರು ಮಜ್ಜಿಗೆ ಒಂದು ಲೀಟರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿದರೆ ಸೋಡಿಯಂ, ಪೊಟ್ಯಾಸಿಯಂ, ಒಂದಿಷ್ಟು ಸಕ್ಕರೆಯಂಶ ಮೂರೂ ಸಿಗುತ್ತವೆ. ಹುಳಿ ಬರಿಸಿದ ಜೋಳದ ಅಂಬಲಿ, ರಾಗಿ ಅಂಬಲಿಯಲ್ಲಿ ಪಿಷ್ಟವೂ ಇದೆ, ಅದು ಕರುಳಲ್ಲಿ ಒಡೆದು ಗ್ಲುಕೋಸ್ ಆಗುತ್ತದೆ. ನುಚ್ಚು ಮಜ್ಜಿಗೆ ಉಂಡು ಹೊಲಕ್ಕೆ ಹೋಗುವುದರ ಹಿಂದಿನ ಲೆಕ್ಕ ತಪ್ಪಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರೊಂದನ್ನೇ ನಂಬಿ ದಿನವಿಡೀ ದುಡಿಯಬಾರದು, ಮೂತ್ರಪಿಂಡ ಕೆಟ್ಟವರು ವೈದ್ಯರನ್ನು ಕೇಳದೆ ಮುಟ್ಟಲೂಬಾರದು. ಉಪ್ಪಿನ ಮಾತ್ರೆ ಬೇಡ, ಅದು ಹೊಟ್ಟೆ ತೊಳೆಸುತ್ತದೆ, ಕರುಳೊಳಗೆ ನೀರನ್ನು ಎಳೆದುಕೊಳ್ಳುತ್ತದೆ.

ವಾಂತಿ, ಭೇದಿ, ತೀರಾ ಸುಸ್ತು ಇದ್ದಾಗ ಮಾತ್ರ ಮನೆಯ ಅಂದಾಜನ್ನು ಬಿಟ್ಟು ಓಆರ್‌ಎಸ್‌ಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಕ್ಕರೆ ರುಚಿಗಾಗಿ ಹಾಕಿದ್ದಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸನ್ನು ಜೊತೆಯಾಗಿ ಮಾತ್ರ ಒಳಗೆ ಬಿಡುವ ಒಂದು ಬಗೆಯ ಬಾಗಿಲಿದೆ, ಅವೆರಡರ ಬೆನ್ನಿಗೆ ನೀರು ಒಳಹೋಗುತ್ತದೆ. ಭೇದಿಯಿಂದ ಬಳಲಿದ ಕರುಳಲ್ಲೂ ಈ ಬಾಗಿಲು ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರ, ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ, ಸಲೈನ್ ಬಾಟಲಿ ಮುಗಿದು ಹೋಗಿ, ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು–ಗ್ಲುಕೋಸಿನ ನೀರು ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ಶಿಬಿರದ ರೋಗಿಗಳ ಸಾವು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗಿಳಿಯಿತು.

ಕಲಸುವಾಗ ಆಗುವ ತಪ್ಪುಗಳೇ ಹೆಚ್ಚು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಲೋಟಕ್ಕೆ ಒಂದು ಚಮಚ ಎಂದು ಪಾಲು ಮಾಡಿದರೆ ಪುಡಿಯ ನಾಲ್ಕು ಅಂಶಗಳು ಸಮನಾಗಿ ಬರುವುದಿಲ್ಲ. 200 ಮಿಲಿಯ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಮೇಲೆ ಬರೆದ ಅಳತೆ ಓದಿಕೊಳ್ಳಿ. ಕಲಸಿದ ಮೇಲೆ ಕುದಿಸಬೇಡಿ, ಸಕ್ಕರೆ, ಸೋಡಾ, ಹಣ್ಣಿನ ರಸ ಸೇರಿಸಬೇಡಿ, 24 ಗಂಟೆಯ ನಂತರ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಬೆರಳಿನಿಂದ ಸವರಿ ಮಟ್ಟ ಮಾಡಿದ ಚಮಚ. ನೀರು ಕಣ್ಣೀರಿಗಿಂತ ಹೆಚ್ಚು ಉಪ್ಪಾದರೆ ಚೆಲ್ಲಿ ಹೊಸದಾಗಿ ಮಾಡಿ.

ಅಂಗಡಿಯ ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್ ಹೆಸರಿನ ಮರೆಯಲ್ಲಿ ವರ್ಷಗಟ್ಟಲೆ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗೆ ಹೆಸರು ಬಳಸುವುದನ್ನು ತಡೆಯಿತು. ಸಕ್ಕರೆ ಹೆಚ್ಚಾದ ದ್ರವ ಮೈಗೆ ನೀರು ಕೊಡುವ ಬದಲು ನೆತ್ತರಿನಿಂದ ಕರುಳೊಳಗೆ ನೀರು ಎಳೆಯುತ್ತದೆ, ಭೇದಿ ಹೆಚ್ಚಿಸುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಮೇಲಿನ ನಾಲ್ಕು ಹೆಸರುಗಳೂ ಅಳತೆಗಳೂ ಇವೆಯೇ ನೋಡಿ ಕೊಳ್ಳಿ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ನೀರು, ಉಪ್ಪು ಎರಡರ ಮಿತಿಯೂ ಬೇರೆ. ಬೇಸಿಗೆ ಶುರುವಾಗುವ ಮೊದಲೇ ವೈದ್ಯರಿಂದ ಅಂಕಿ ಬರೆಸಿಕೊಂಡು ಬರುವುದು ಜಾಣತನ.

ನಾಡಿ ಹಿಡಿದು ವಿರಾಮ ಅಳೆಯುವುದು

ಹೃದಯದ ಮೇಲೆ ಎಷ್ಟು ಸಾಲ ಏರಿದೆ ಎಂಬುದನ್ನು ನಾಡಿ ಹೇಳುತ್ತದೆ. ವಿರಾಮಕ್ಕೆ ನೆರಳಿಗೆ ಬಂದು ಕೂತ ಕೂಡಲೇ ಹೆಬ್ಬೆರಳ ಬುಡದ ಬಳಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. 110ಕ್ಕಿಂತ ಹೆಚ್ಚಿದ್ದರೆ ವಿರಾಮ ಅಷ್ಟೇ ಇರಲಿ, ಮುಂದಿನ ಕೆಲಸದ ಅವಧಿಯನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ. 45 ನಿಮಿಷ ಅಗೆಯುತ್ತಿದ್ದವರು 30ಕ್ಕೆ ನಿಲ್ಲಿಸಬೇಕು. ಮುಂದಿನ ವಿರಾಮದಲ್ಲೂ 110 ಮೀರಿದ್ದರೆ ಇನ್ನೂ ಮೂರನೇ ಒಂದು ಭಾಗ ಇಳಿಸಿ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಅವರಿಗೆ ಈ ಅಳತೆ ಸುಳ್ಳು ಭರವಸೆ ಕೊಡುತ್ತದೆ.

ವಿರಾಮವೆಂದರೆ ನೆರಳಲ್ಲಿ, ಗಾಳಿ ಆಡುವಲ್ಲಿ, ಕೂತು ಅಥವಾ ಮಲಗಿ. ಕೆಲಸ ನಿಲ್ಲಿಸಿ ಬಿಸಿಲಲ್ಲೇ ನಿಂತು ಹರಟುವುದು ವಿರಾಮವಲ್ಲ, ಅದರಲ್ಲೊಂದು ಕುತ್ತೂ ಇದೆ. ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡಿ ನೆತ್ತರನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತರೆ ಹಿಗ್ಗಿದ ನಾಳಗಳಲ್ಲಿ ನೆತ್ತರು ಕಾಲಲ್ಲೇ ತಂಗಿ, ಮಿದುಳಿಗೆ ಪಾಲು ಸಾಲದೆ ಕಣ್ಣು ಕತ್ತಲಾಗುತ್ತದೆ. ಶಾಲೆಯ ಪ್ರಾರ್ಥನೆ, ಧ್ವಜಾರೋಹಣ, ಜಾತ್ರೆಯ ಸಾಲಿನಲ್ಲಿ ಜನ ದೊಪ್ಪನೆ ಬೀಳುವುದು ಹೀಗೆ. ಮಲಗಿಸಿ ಕಾಲು ಸ್ವಲ್ಪ ಎತ್ತಿದರೆ ನಿಮಿಷದೊಳಗೆ ಎಚ್ಚರಾಗುತ್ತಾರೆ. ಎಚ್ಚರಾಗದಿದ್ದರೆ ಅದು ಬರಿಯ ತಲೆಸುತ್ತಲ್ಲ.

ಹೊಸಬರಿಗೆ ಮೊದಲ ದಿನಗಳು

ಬಿಸಿಲಿಗೆ ಮೈ ಪಳಗಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ನೆತ್ತರಿನ ನೀರಿನ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅಲ್ಡೊಸ್ಟಿರೋನ್ ಕೈಚಳಕದಿಂದ ಬೆವರಿನ ಉಪ್ಪು ಇಳಿಯುತ್ತದೆ, ಅದೇ ಕೆಲಸಕ್ಕೆ ನಾಡಿ ಕಡಿಮೆ ಓಡುತ್ತದೆ. ಪಳಗಿದ ಮೈ ಹೆಚ್ಚು ಬೆವರುತ್ತದೆ ಎಂಬುದನ್ನು ಮರೆಯಬೇಡಿ. ಹಳಬರಿಗೆ ನೀರು ಕಡಿಮೆ ಸಾಕು ಎಂಬ ನಂಬಿಕೆ ತಲೆಕೆಳಗು.

ಹೊಸಬರಿಗೆ ಮೊದಲ ದಿನ ಪೂರ್ತಿ ಬಿಸಿಲ ಕೆಲಸದ ಶೇ 20 ಮಾತ್ರ, ಆಮೇಲೆ ದಿನಕ್ಕೆ ಶೇ 20ರಂತೆ ಏರಿಸಿ. ಮೊದಲೇ ಪಳಗಿದ್ದು, ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ ಬಂದವರಿಗೆ ಮೊದಲ ದಿನ ಶೇ 50, ಎರಡನೆಯ ದಿನ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ಒಂದು ವಾರ ಬಿಸಿಲು ಬಿಟ್ಟರೆ ಪಳಗಿದ್ದು ಕರಗತೊಡಗುತ್ತದೆ. ಮಾರ್ಚಿನ ಮೊದಲ ಬಿಸಿಲಿನ ವಾರವೂ ಎಲ್ಲರನ್ನೂ ಹೊಸಬರನ್ನಾಗಿಯೇ ಮಾಡುತ್ತದೆ. ಗುತ್ತಿಗೆದಾರರಿಗೆ ಈ ಪಟ್ಟಿ ರುಚಿಸುವುದಿಲ್ಲ. ಆದರೂ ಬಿಸಿಲ ಕೆಲಸದ ಸಾವುಗಳಲ್ಲಿ ಮೊದಲ ಕೆಲವು ದಿನಗಳ ಪಾಲೇ ದೊಡ್ಡದು.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ತಿಳಿ ಬಣ್ಣ, ಸಡಿಲ ಹತ್ತಿ, ತೋಳು ಮುಚ್ಚಿದ ಅಂಗಿ, ತಲೆಗೆ ರುಮಾಲು. ಒಣ ಬಿಸಿಲಿನಲ್ಲಿ ರುಮಾಲನ್ನು ಆಗಾಗ ನೀರಲ್ಲಿ ಅದ್ದಿಕೊಂಡರೆ ಮೈಯ ಬೆವರು ಅಷ್ಟು ಉಳಿದಂತೆ. ಮಂಗಳೂರು, ಕಾರವಾರದ ಕಡೆ ಈ ಉಪಾಯ ಅಷ್ಟು ಫಲಿಸದು. ಅಲ್ಲಿ 34 ಡಿಗ್ರಿಯಲ್ಲೇ ಗಾಳಿ ನೀರಿನಿಂದ ತುಂಬಿರುತ್ತದೆ, ಬೆವರು ಆರದೆ ಧಾರೆಯಾಗಿ ಇಳಿಯುತ್ತದೆ. ಥರ್ಮಾಮೀಟರಿನ ಅಂಕಿ ರಾಯಚೂರಿಗಿಂತ ಕಡಿಮೆ ಎಂದು ಮೋಸ ಹೋಗಬೇಡಿ. ಕರಾವಳಿಯಲ್ಲಿ ನೆರಳಿಗಿಂತ ಗಾಳಿ ಮುಖ್ಯ, ವಿರಾಮ ಇನ್ನೂ ಉದ್ದವಿರಬೇಕು. ಇನ್ನು ಫ್ಯಾನ್: ಗಾಳಿ 40 ಡಿಗ್ರಿ ದಾಟಿದ ಮೇಲೆ ಒಣ ಮೈಗೆ ಫ್ಯಾನ್ ಹಾಕಿದರೆ ಬಿಸಿ ಗಾಳಿಯನ್ನೇ ತಳ್ಳಿದಂತೆ. ಮೈ ಒದ್ದೆ ಮಾಡಿಕೊಂಡು ಕೂತರೆ ಮಾತ್ರ ತಂಪು.

ಮಾತ್ರೆ, ಮದ್ಯ, ನೋವಿನ ಗುಳಿಗೆ

ಈ ಸಾಲದ ಸರಪಳಿಯ ಒಂದೊಂದು ಕೊಂಡಿಯನ್ನು ಒಂದೊಂದು ಔಷಧ ಸಡಿಲಿಸುತ್ತದೆ. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ನೀರು–ಉಪ್ಪನ್ನು ಹೊರಹಾಕುತ್ತದೆ. ‘ಪ್ರಿಲ್’, ‘ಸಾರ್ಟನ್’ ಎಂದು ಕೊನೆಯಾಗುವ ಬಿಪಿ ಮಾತ್ರೆಗಳು ರೆನಿನ್ ಹಾದಿಯನ್ನೇ ತಡೆಯುತ್ತವೆ. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಸಕ್ಕರೆ ಕಾಯಿಲೆಯ ಮಾತ್ರೆ ಮೂತ್ರದಲ್ಲಿ ಗ್ಲುಕೋಸ್ ಕಳಿಸುವಾಗ ನೀರನ್ನೂ ಎಳೆದೊಯ್ಯುತ್ತದೆ. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಇವನ್ನು ನೀವಾಗಿಯೇ ನಿಲ್ಲಿಸಬಾರದು, ಬೇಸಿಗೆಯಲ್ಲಿ ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು.

ನಾವೇ ಕೊಂಡು ನುಂಗುವ ನೋವಿನ ಗುಳಿಗೆಯದು ಇನ್ನೊಂದು ಕತೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಸಂಜೆಯ ಮೈಕೈ ನೋವಿಗೆ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ನೆತ್ತರು ಕಡಿಮೆಯಾದಾಗ ಮೂತ್ರಪಿಂಡ ತನ್ನ ನಾಳಗಳನ್ನು ತೆರೆದಿಟ್ಟುಕೊಳ್ಳಲು ಬಳಸುವ ರಾಸಾಯನಿಕವನ್ನೇ ಅವು ತಡೆಯುತ್ತವೆ. ದಿನವಿಡೀ ಬೆವರಿ, ನೀರು ಕಡಿಮೆ ಕುಡಿದು, ಮೇಲೆ ಈ ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊಡೆತ. ಎಲ್ ಸಾಲ್ವಡಾರ್, ನಿಕಾರಾಗುವಾದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ ಯುವ ಕೂಲಿಕಾರರ ಮೂತ್ರಪಿಂಡ ಸೋಲುತ್ತಿರುವುದು ದಶಕಗಳಿಂದ ದಾಖಲಾಗಿದೆ. ಬಿಸಿಲಿನ ದುಡಿಮೆ ಅಲ್ಲಿನ ಮುಖ್ಯ ಶಂಕಿತರಲ್ಲಿ ಒಂದು, ನೀರು–ನೆರಳು–ವಿರಾಮ ಕೊಟ್ಟ ಕಡೆ ಪೆಟ್ಟು ಇಳಿದಿದೆ. ಮದ್ಯ ನೀರು ಉಳಿಸುವ ಹಾರ್ಮೋನನ್ನು ಅದುಮುತ್ತದೆ. ರಾತ್ರಿ ಕುಡಿದವರು ಬೆಳಿಗ್ಗೆ ಬಾಕಿಯಿಂದಲೇ ದಿನ ಶುರು ಮಾಡುತ್ತಾರೆ. ಚಹಾ ಕುಡಿದರೆ ನೀರು ಹೋಗುತ್ತದೆ ಎಂಬ ಭಯ ಮಾತ್ರ ಅತಿ, ಎರಡು ಮೂರು ಲೋಟ ತೊಂದರೆ ಇಲ್ಲ.

ಮೈ ಕೈಬಿಟ್ಟಾಗ

ಹೊಟ್ಟೆ, ತೊಡೆಯ ಸ್ನಾಯು ಹಿಡಿದುಕೊಂಡರೆ ನೆರಳು, ಉಪ್ಪಿನ ಮಜ್ಜಿಗೆ ಅಥವಾ ಓಆರ್‌ಎಸ್, ಮೆಲ್ಲಗೆ ಸ್ನಾಯು ಎಳೆಯುವುದು. ಅವತ್ತಿಗೆ ಭಾರದ ಕೆಲಸ ಮುಗಿಯಿತು. ತಲೆನೋವು, ವಾಕರಿಕೆ, ಸುಸ್ತು, ಬೆವತು ತಣ್ಣಗಾದ ಚರ್ಮ, ಓಡುವ ನಾಡಿ, ಆದರೆ ಮಾತು ಸರಿಯಾಗಿದೆ ಎಂದರೆ ಹೃದಯ ತೂಗಿಸಲಾರದ ಹಂತ. ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆ.

ಮಿದುಳು ತಪ್ಪಿದರೆ ಅದು ಬಿಸಿಲಾಘಾತ. ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ, ತೊದಲು, ತೂರಾಡುವ ನಡಿಗೆ, ಕಾರಣವಿಲ್ಲದ ಸಿಟ್ಟು, ಫಿಟ್ಸ್, ಪ್ರಜ್ಞೆ ಹೋಗುವುದು, ಜೊತೆಗೆ ಕೆಂಡದಂಥ ಮೈ. ಒಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ‘ಬೆವರು ಬರುತ್ತಿದೆಯಲ್ಲ, ಇದು ಅದಲ್ಲ’ ಎಂದು ಕಾಯುವುದು ಜೀವ ತೆಗೆಯುವ ತಪ್ಪು. ದುಡಿಯುತ್ತಾ ಬಿದ್ದವರ ಚರ್ಮ ಬಹಳ ಸಲ ಒದ್ದೆಯಾಗಿಯೇ ಇರುತ್ತದೆ. ‘ಕುಡಿದಿರಬೇಕು’ ಎಂದು ಬದಿಗೆ ಮಲಗಿಸಿಬಿಡುವುದು ಇನ್ನೊಂದು. ಈ ಹೊತ್ತಿಗೆ ನೆತ್ತರು ಕಾಣದೆ ಬಳಲಿದ ಕರುಳಿನ ಗೋಡೆ ಸೋರತೊಡಗಿ, ಅಲ್ಲಿನ ಬ್ಯಾಕ್ಟೀರಿಯಾದ ವಿಷ ನೆತ್ತರಿಗೆ ಇಳಿಯುತ್ತದೆ. ಯಕೃತ್ತು, ಮೂತ್ರಪಿಂಡ, ನೆತ್ತರು ಹೆಪ್ಪುಗಟ್ಟುವ ವ್ಯವಸ್ಥೆ ಒಂದರ ಹಿಂದೊಂದು ಕುಸಿಯುತ್ತವೆ. ಎಷ್ಟು ಬಿಸಿ ಏರಿತು ಎಂಬುದಕ್ಕಿಂತ ಎಷ್ಟು ಹೊತ್ತು ಹಾಗೇ ಇತ್ತು ಎಂಬುದು ಸಾವು ಬದುಕನ್ನು ತೀರ್ಮಾನಿಸುತ್ತದೆ. ಮೊದಲ 30 ನಿಮಿಷದಲ್ಲೇ ಮೈ ತಣಿಸಬೇಕು.

1. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಆಂಬುಲೆನ್ಸಿಗೆ ಕಾಯದೆ ತಣಿಸಲು ಶುರು ಮಾಡಲಿ.

2. ನೆರಳಿಗೆ ಒಯ್ದು ಮೇಲಿನ ಬಟ್ಟೆ, ಚಪ್ಪಲಿ, ಬೆಲ್ಟು ತೆಗೆಯಿರಿ. ಮರ್ಯಾದೆಗೆ ಒಂದು ತೆಳು ಬಟ್ಟೆ ಸಾಕು.

3. ತಾಡಪಾಲಿನ ಮೇಲೆ ಮಲಗಿಸಿ, ನಾಲ್ಕು ಅಂಚುಗಳನ್ನು ನಾಲ್ವರು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ. ಸಿಕ್ಕಷ್ಟು ತಣ್ಣೀರು, ಐಸ್ ಸುರಿದು ತಾಡಪಾಲನ್ನು ಮೆಲ್ಲಗೆ ಅಲುಗಾಡಿಸಿ. ತಲೆ ಮಾತ್ರ ನೀರಿನ ಮೇಲಿರಲಿ, ಒಬ್ಬರು ಅದನ್ನೇ ಹಿಡಿದಿರಲಿ.

4. ನೀರು ಕಡಿಮೆ ಇದ್ದರೆ ಮೈಪೂರ್ತಿ ಒದ್ದೆ ಮಾಡಿ, ರಟ್ಟಿನಿಂದ ಜೋರಾಗಿ ಬೀಸಿ, ಮತ್ತೆ ಒದ್ದೆ ಮಾಡಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಹಣೆಗೆ ಒದ್ದೆ ಬಟ್ಟೆ ಒಂದನ್ನೇ ಹಾಕುವುದು ಯಾವುದಕ್ಕೂ ಸಾಲದು.

5. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಾದರೆ ಎಡಮಗ್ಗುಲಿಗೆ ಹೊರಳಿಸಿ.

6. ಪ್ರಜ್ಞೆ ಮರಳುವವರೆಗೆ, ಥರ್ಮಾಮೀಟರ್ ಇದ್ದರೆ 39 ಡಿಗ್ರಿಗೆ ಇಳಿಯುವವರೆಗೆ ತಣಿಸುವುದನ್ನು ನಿಲ್ಲಿಸಬೇಡಿ. ಗಾಡಿಯಲ್ಲೂ ಮುಂದುವರಿಸಿ. ಬಾಯಿ, ಕಂಕುಳಿನ ಥರ್ಮಾಮೀಟರ್ ಒಳಗಿನ ಬಿಸಿಗಿಂತ ಕಡಿಮೆ ತೋರಿಸುತ್ತದೆ, ಅಂಕಿ ಚೆನ್ನಾಗಿದೆ ಎಂದು ಕೈಬಿಡಬೇಡಿ.

ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಜ್ವರದಲ್ಲಿ ಹೈಪೊಥಾಲಮಸ್ ತಾನಾಗಿಯೇ ಗುರಿಯನ್ನು ಮೇಲಕ್ಕೆ ಇಟ್ಟಿರುತ್ತದೆ, ಮಾತ್ರೆ ಆ ಗುರಿಯನ್ನು ಕೆಳಗಿಳಿಸುತ್ತದೆ. ಬಿಸಿಲಾಘಾತದಲ್ಲಿ ಗುರಿ 37ರಲ್ಲೇ ಇದೆ, ಸೋತಿರುವುದು ತಣಿಸುವ ಏರ್ಪಾಟು. ಮಾತ್ರೆ ಬಳಲಿದ ಯಕೃತ್ತಿಗೆ ಹೊರೆಯಷ್ಟೇ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದರಿಂದ, ಅಂಗಾಲಿಗೆ ಈರುಳ್ಳಿ ತಿಕ್ಕುವುದರಿಂದ ಆಗುವ ನಷ್ಟ ಒಂದೇ: ಆ ಐದು ನಿಮಿಷದಲ್ಲಿ ಎರಡು ಕೊಡ ನೀರು ಸುರಿಯಬಹುದಿತ್ತು.

ಚೇತರಿಸಿಕೊಂಡು ಎದ್ದು ಕೂತರೂ ಆಸ್ಪತ್ರೆಗೆ ಕಳಿಸಲೇಬೇಕು. ಯಕೃತ್ತು, ಮೂತ್ರಪಿಂಡದ ಪೆಟ್ಟು ರಕ್ತಪರೀಕ್ಷೆಯಲ್ಲಿ ಕಾಣುವುದು ಒಂದೆರಡು ದಿನದ ನಂತರ. ಅಂಥವರು ಮುಂದಿನ ಕೆಲವು ವಾರ ಬಿಸಿಲ ಕೆಲಸಕ್ಕೆ ಇಳಿಯಬಾರದು. ವೈದ್ಯರು ಒಪ್ಪಿ ಮತ್ತೆ ಬಂದಾಗ ಅವರನ್ನು ಹೊಸಬರ ಪಟ್ಟಿಗೆ ಸೇರಿಸಿ, ಮೊದಲ ದಿನ ಶೇ 20ರಿಂದಲೇ ಶುರು ಮಾಡಿಸಿ.